ಚಂಪಾಳ ಎಡಗಡೆಯ ದವಡೆಹಲ್ಲು

1937ನೆಯ ಇಸವಿಯ ಬೇಸಿಗೆ. ಗೋಕಾಕದ ಪೇಟೆಯಲ್ಲಿ ನಾನು ಹಲ್ಲಿನ ದವಾಖಾನೆ ತೆರೆದು ಆರು ವರ್ಷಗಳಾಗಿದ್ದವು. ದವಾಖಾನೆಯೆಂದರೆ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ. ಪೂರ್ವಕ್ಕೊಂದು ದೊಡ್ಡ ಕಿಟಕಿ, ಆ ಬೆಳಕಿಗೆ ಮುಖ ಮಾಡಿ ಹಾಕಿದ ಕಬ್ಬಿಣದ ಕುರ್ಚಿ, ಅದರ ಬಾಜೂ ಹೊಲಿಗೆಯ ಮಷೀನಿನಂತೆ ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್. ಹಿಂದಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಮುಂಜಾನೆ ಚಹಾ ಇಳಿಸಿದ ಮೇಲೆ ನನ್ನ ಹೆಂಡತಿ ನೀಲವ್ವ ಅದೇ ಶೇಗಡಿಯ ಕೆಂಡದ ಮೇಲೆ ನನ್ನ ಸಲಕರಣೆಗಳನ್ನು ಕುದಿಯಲಿಕ್ಕೆ ಇಡುತ್ತಿದ್ದಳು. ಸಂತೆಯ ದಿನ ಮೂಡಲಗಿಗೆ, ತಿಂಗಳಿಗೊಮ್ಮೆ ಹುಕ್ಕೇರಿಗೆ ಪೆಟ್ಟಿಗೆ ಹಿಡಿದುಕೊಂಡು ಸರ್ವಿಸ್ ಮೋಟಾರಿನಲ್ಲಿ ಹೋಗಿ ಬರುತ್ತಿದ್ದೆ. ಮುಂಬೈಯಲ್ಲಿ ಕಲಿತು ಬಂದವನಾದ್ದರಿಂದ ಜನ ನನ್ನನ್ನು ಡಾಕ್ಟರ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ "ಹಲ್ಲ ಕೀಳೂ ಅಪ್ಪ" ಎನ್ನುತ್ತಿದ್ದರೆಂದು ನೀಲವ್ವ ನಗುತ್ತ ಹೇಳುತ್ತಿದ್ದಳು.

ಅದು ಖರೆಯೂ ಆಗಿತ್ತು. ನಮ್ಮ ಕಡೆಯ ಜನ ಆಗ ನನ್ನ ಹತ್ತಿರ ಬರುತ್ತಿದ್ದುದು ಹಲ್ಲು ಕೀಳಿಸಿಕೊಳ್ಳಲಿಕ್ಕೆ ಮಾತ್ರ. ಹುಳುಕನ್ನು ಕೆರೆದು ತೆಗೆದು, ಕುಳಿಯನ್ನು ತುಂಬಿ, ಹಲ್ಲನ್ನು ಉಳಿಸಬಹುದು ಎಂದರೆ ಯಾರೂ ನಂಬುತ್ತಿರಲಿಲ್ಲ. "ಗ್ವಾಡಿಗೆ ಗಿಲಾವ ಮಾಡಿದಂಗೇನ್ರಿ?" ಎಂದು ಕಲ್ಲೋಳಿಯ ಒಬ್ಬ ಗೌಂಡಿ ಕೇಳಿದ್ದ. ಹೌದಪ್ಪ, ಹಾಗೆಯೇ ಎಂದೆ. ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ.

ಈ ಗಿಲಾವಿನಲ್ಲಿ ತರತರದವಿವೆ. ಮುಂದಿನ ಕಥೆ ತಿಳಿಯಬೇಕಾದರೆ ಅವುಗಳ ಬಗ್ಗೆ ಎರಡು ಮಾತು ಹೇಳಬೇಕು. ಎಲ್ಲಕ್ಕಿಂತ ಬಾಳಿಕೆಯದು ಬಂಗಾರ. ತೆಳು ಹಾಳೆಯ ಬಂಗಾರವನ್ನು ಚೂರುಚೂರಾಗಿ ಕುಳಿಯಲ್ಲಿಟ್ಟು ಬಡಿದು ಕೂಡಿಸುವುದು. ಒಂದು ಹಲ್ಲಿಗೆ ಅರ್ಧ ದಿನ ಬೇಕು. ಮಾಡಿಸಿಕೊಂಡವರ ಆಯುಷ್ಯ ಮುಗಿದರೂ ಅದು ಮುಗಿಯುವುದಿಲ್ಲ. ಎರಡನೆಯದು ಅಮಾಲ್ಗಮ್. ಬೆಳ್ಳಿ, ತವರದ ಪುಡಿಗೆ ಪಾದರಸ ಹಾಕಿ ಅರೆದರೆ ಬೆಣ್ಣೆಯಂತಾಗುತ್ತದೆ. ಹೆಚ್ಚಿನ ಪಾದರಸವನ್ನು ಹಿಂಡಿ ತೆಗೆದು ಕುಳಿಗೆ ತುಂಬಿದರೆ ಒಂದು ದಿನದಲ್ಲಿ ಕಲ್ಲಾಗುತ್ತದೆ. ಬಣ್ಣ ಕಪ್ಪಿಡುತ್ತದೆ, ಆದರೆ ಹತ್ತು ಹದಿನೈದು ವರ್ಷ ಅಲುಗುವುದಿಲ್ಲ. ಮೂರನೆಯದು ಸಿಮೆಂಟು. ನೋಡಲಿಕ್ಕೆ ಹಲ್ಲಿನ ಬಣ್ಣವೇ, ಆದರೆ ಎಂಜಲಿಗೆ ನಿಧಾನವಾಗಿ ಕರಗುತ್ತದೆ. ಕೊನೆಯದು ಝಿಂಕ್ ಆಕ್ಸೈಡಿನ ಬಿಳಿ ಪುಡಿಯನ್ನು ಲವಂಗದ ಎಣ್ಣೆಯಲ್ಲಿ ಕಲಸಿದ ಮುಲಾಮು. ಇದು ನೋವನ್ನು ಶಮನ ಮಾಡುವ ತಾತ್ಪೂರ್ತಿಕ ತುಂಬುವಿಕೆ. ಕೆಲವು ತಿಂಗಳಲ್ಲಿ ಸವೆದು, ಉದುರಿ, ಹಲ್ಲು ಮತ್ತೆ ಬಾಯಿ ತೆರೆಯುತ್ತದೆ. ಯಾವ ಹಲ್ಲಿಗೆ ಯಾವುದು ಎಂದು ಆರಿಸುವುದನ್ನು ನನ್ನ ಗುರುಗಳು ಕುಳಿಯ ಆಳ ಅಗಲ ನೋಡಿ ಕಲಿಸಿದ್ದರು. ಬಾಯಿಯ ಹೊರಗಿನದೇನನ್ನೂ ನೋಡುವ ಪ್ರಸಂಗ ಬಂದೀತೆಂದು ಅವರೂ ಎಣಿಸಿರಲಿಕ್ಕಿಲ್ಲ.

ಆ ಬೇಸಿಗೆಯಲ್ಲಿ ಒಂದು ದಿನ ಮುಂಜಾನೆ ನೇಮಣ್ಣನವರು ಮಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ತುಕ್ಕಾನಟ್ಟಿಯಲ್ಲಿ ಹೊಲ, ಮೂಡಲಗಿಯಲ್ಲಿ ಮನೆ, ಬೆಲ್ಲದ ವ್ಯಾಪಾರ. ಜೈನ ಸಮಾಜದಲ್ಲಿ ಮರ್ಯಾದೆಯ ಕುಳ. ಮೂಡಲಗಿಗೆ ಹೋದಾಗ ಅವರ ಕಟ್ಟೆಯ ಮೇಲೆಯೇ ನಾನು ಪೆಟ್ಟಿಗೆ ಬಿಚ್ಚುತ್ತಿದ್ದೆ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಚಂಪಾ ಒಬ್ಬಳೇ ಮಗಳು. ಎಂಟನೆಯ ವಯಸ್ಸಿಗೆ ಮದುವೆಯಾಗಿ, ಗಂಡನ ಮನೆಗೆ ಹೋಗುವ ಮೊದಲೇ ಅವನು ವಿಷಮಜ್ವರದಲ್ಲಿ ತೀರಿಕೊಂಡು, ಅವಳು ಅಪ್ಪನ ಮನೆಯಲ್ಲಿಯೇ ಬೆಳೆದು ಆಗ ಇಪ್ಪತ್ತೈದರ ಸುಮಾರಿಗೆ ಬಂದಿದ್ದಳು. ಮನೆಯ ಕೀಲಿಕೈ ಅವಳ ಸೊಂಟದಲ್ಲಿ. ನಾನು ಕಟ್ಟೆಯ ಮೇಲೆ ಕೂತು ಕೆಲಸ ಮಾಡುವಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. "ಚಂಪಾನ ರೊಟ್ಟಿ ಬಿಟ್ಟ ಬ್ಯಾರೆ ಯಾರ ರೊಟ್ಟೀನೂ ನನಗ ಇಳ್ಯಾಂಗಿಲ್ರಿ" ಎಂದು ನೇಮಣ್ಣನವರು ಬಂದವರಿಗೆಲ್ಲ ಹೇಳುತ್ತಿದ್ದರು.

ಕುರ್ಚಿಯಲ್ಲಿ ಕೂರಿಸಿ ಕನ್ನಡಿ ಹಿಡಿದು ನೋಡಿದೆ. ಎಡಗಡೆ ಕೆಳಗಿನ ದೊಡ್ಡ ದವಡೆಹಲ್ಲು. ಮೇಲೆ ಸಣ್ಣ ತೂತು, ಒಳಗೆ ದೊಡ್ಡ ಗವಿ. ಹುಳುಕು ನರದ ಸಮೀಪದವರೆಗೆ ಹೋಗಿತ್ತು, ನರವನ್ನು ಇನ್ನೂ ಮುಟ್ಟಿರಲಿಲ್ಲ. ತಣ್ಣೀರು ಬಿಟ್ಟು ನೋಡಿದೆ. ಕುರ್ಚಿಯ ಕೈಯನ್ನು ಬಿಗಿ ಹಿಡಿದಳು, ಬಾಯಿಂದ ಒಂದು ಸದ್ದೂ ಬರಲಿಲ್ಲ.

"ಉಳಿಸಬಹುದು. ತುಂಬಬೇಕಾಗುತ್ತದೆ" ಎಂದೆ.

ನೇಮಣ್ಣನವರು ಅಂಗಿಯ ಒಳಕಿಸೆಯಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಂದೇ ಒಂದು ಬಂಗಾರದ ಬಳೆ.

"ಇದು ಇವರವ್ವಂದು ರಿ. ಕರಗಿಸಿ ಇದನ್ನ ತುಂಬ್ರಿ."

"ನಾನು ತುಂಬುವ ಬಂಗಾರ ಬೇರೆ ರೀತಿಯದು, ಹಾಳೆಯಾಗಿ ಬರುತ್ತದೆ..." ಎಂದು ನಾನು ಹೇಳುತ್ತಿದ್ದಂತೆ ಚಂಪಾ ಬಾಯಿಯೊಳಗಿನ ಹತ್ತಿಯನ್ನು ತೆಗೆದಳು.

"ಅಪ್ಪಾ, ನಾ ಮನ್ಯಾಗ ಹೇಳೇನಲ್ಲ. ಬಂಗಾರ ಬ್ಯಾಡ."

"ಅದು ಕಾಣಾಂಗಿಲ್ಲವ್ವಾ. ಹಿಂದ ಇರತೈತಿ."

"ಯಾರಿಗೆ ಕಾಣಾಂಗಿಲ್ಲ? ನನಗ ಗೊತ್ತಿರತೈತಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಅಡುಗೆಮನೆಯಲ್ಲಿ ಏನೋ ಸಾಮಾನು ತೀರಿದ್ದನ್ನು ಹೇಳುವಷ್ಟು ಸಹಜವಾಗಿ ಹೇಳಿದಳು: "ಡಾಕ್ಟರ್ರ, ಮುಂದಿನ ತಿಂಗಳ ನಾ ದೀಕ್ಷಾ ತಗೋತೇನ್ರಿ. ಆರ್ಯಿಕಾ ದೀಕ್ಷಾ. ನನ್ನ ಕಡೆ ಬಂಗಾರ ಇರಾಕ ಬರಾಂಗಿಲ್ಲ."

ಜೈನರಲ್ಲದ ಓದುಗರಿಗಾಗಿ ಇಷ್ಟು ಹೇಳುತ್ತೇನೆ. ಆರ್ಯಿಕೆಯೆಂದರೆ ಸಂಸಾರ ಬಿಟ್ಟ ಸಾಧ್ವಿ. ಮೈಮೇಲೆ ಒಂದು ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಶುದ್ಧಿಯ ನೀರಿಗೊಂದು ಕಮಂಡಲು. ತಲೆಗೂದಲನ್ನು ತಾವೇ ಕೈಯಿಂದ ಕಿತ್ತುಕೊಳ್ಳುತ್ತಾರೆ. ಊರಿಂದೂರಿಗೆ ನಡೆದೇ ಹೋಗುತ್ತಾರೆ; ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದೆಡೆ ನಿಲ್ಲುತ್ತಾರೆ. ದಿನಕ್ಕೆ ಒಂದೇ ಹೊತ್ತು ಬೊಗಸೆಯಲ್ಲಿ ಊಟ, ಆಗ ಮಾತ್ರ ಕುದಿಸಿದ ನೀರು. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವಳು ಹೇಳಿದಳು.

"ಇನ್ನೊಂದ್ ಐತ್ರಿ. ದೀಕ್ಷಾ ಆದಮ್ಯಾಲ ಹಲ್ಲು ತಿಕ್ಕಾಂಗಿಲ್ಲ. ಅದೂ ವ್ರತ. ಊಟ ಆದಮ್ಯಾಲ ಬಾಯಿ ಮುಕ್ಕಳಿಸೂದು ಅಷ್ಟ. ಅದರ ಸಲವಾಗಿ ಮೊದಲ ನಿಮ್ಮ ಕಡೆ ಬಂದೇನಿ."

ಹಲ್ಲಿನ ಡಾಕ್ಟರನ ಎದುರಿಗೆ ಕೂತು, ಇನ್ನು ಜನ್ಮವಿಡೀ ಹಲ್ಲು ತಿಕ್ಕುವುದಿಲ್ಲ ಎಂದು ಹೇಳಿದವಳು ಅವಳೊಬ್ಬಳೇ. ಕುಳಿಗೆ ಲವಂಗದ ಎಣ್ಣೆಯ ಹತ್ತಿ ಇಟ್ಟು, ನಾಲ್ಕು ದಿನ ಬಿಟ್ಟು ಬರಲು ಹೇಳಿದೆ. ಅವಳು ಬೆರಳು ಮಡಚಿ ತಿಥಿ ಲೆಕ್ಕ ಹಾಕಿ, "ಅವತ್ತ ತ್ರಯೋದಶಿ. ಮರದಿವಸ ಚತುರ್ದಶಿ, ನನ್ನ ಉಪವಾಸ" ಎಂದಳು. ಅದು ಬಹಳ ಒಳ್ಳೆಯದಾಯಿತು ಎಂದೆ. ಅಮಾಲ್ಗಮ್ ತುಂಬಿದರೆ ಒಂದು ದಿನ ಆ ಕಡೆ ಅಗಿಯಬಾರದು. ರೋಗಿಗಳಿಗೆ ಎಷ್ಟು ಬಡಿದುಕೊಂಡು ಹೇಳಿದರೂ ಸಂಜೆಗೆ ಸೇಂಗಾ ತಿಂದು ಕೆಡಿಸಿಕೊಂಡು ಬರುತ್ತಿದ್ದರು. ನೇಮಣ್ಣನವರು ಬಳೆಯನ್ನು ಮತ್ತೆ ಗಂಟು ಕಟ್ಟಿದರು. ಗಂಟು ಸರಿಯಾಗಿ ಬೀಳಲಿಲ್ಲ. ಅವಳೇ ಇಳಿದು ಬಂದು ಕಟ್ಟಿಕೊಟ್ಟಳು.

ಮೂರನೆಯ ದಿನ ಮಧ್ಯಾಹ್ನ ನೇಮಣ್ಣನವರು ಒಬ್ಬರೇ ಬಂದರು. ಆಗ ನಾನು ಉಂಡು ಅಡ್ಡಾಗುವ ಹೊತ್ತು. ನೀಲವ್ವ ಪಾನಕ ತಂದಿಟ್ಟಳು. ಅವರು ಕುಡಿಯಲಿಲ್ಲ, ಲೋಟವನ್ನು ತಿರುಗಿಸುತ್ತ ಕೂತರು.

"ಡಾಕ್ಟರ್ರ, ನಿಮ್ಮ ತುಂಬೂದ್ರಾಗ ಎಲ್ಲಾಕಿಂತ ಕಚ್ಚಾದು ಯಾವ್ದು?"

ನಾನು ಲವಂಗದ ಎಣ್ಣೆಯ ಮುಲಾಮಿನ ಬಗ್ಗೆ ಹೇಳಿದೆ.

"ಎಷ್ಟ ದಿನಾ ತಡೀತೈತ್ರಿ?"

"ನಾಲ್ಕು ತಿಂಗಳು. ಚೆನ್ನಾಗಿ ನೋಡಿಕೊಂಡರೆ ಆರು."

"ಅಕಿ ಹಲ್ಲು ತಿಕ್ಕಾಂಗಿಲ್ಲ. ಅಂದ್ರ ನಾಕ ಅಂತ ಹಿಡೀರಿ." ಅವರು ಲೋಟ ಕೆಳಗಿಟ್ಟರು. "ಅದನ್ನ ಹಾಕ್ರಿ."

ನನಗೆ ಆಗಲೂ ತಿಳಿಯಲಿಲ್ಲ. ಯಾಕೆ ಎಂದು ಕೇಳಿದೆ.

"ನಾಕ ತಿಂಗಳಂದ್ರ ಮಳಿಗಾಲ ಮುಗಿಯೂದ್ರಾಗ ಬೀಳತೈತಿ. ಆಗ ಅವರು ಒಂದ ಊರಾಗ ನಿಂತಿರತಾರ. ಹಲ್ಲು ಬ್ಯಾನಿ ಎದ್ದಿತಂದ್ರ ಅಕಿಗೆ ತಡ್ಯಾಕ ಆಗಾಂಗಿಲ್ರಿ. ಸಣ್ಣಾಕಿದ್ದಾಗಿಂದ ನೋಡೇನಿ, ಹಲ್ಲು ನೋವು ಅಂದ್ರ ನನ್ನ ತೊಡಿ ಮ್ಯಾಲ ತಲಿ ಇಟ್ಟ ಇಡೀ ದಿನ ಬಿದ್ದಿರತಿದ್ಲು. ಹೇಳಿ ಕಳಸತಾಳ. ನಾ ಗಾಡಿ ಹೂಡಕೊಂಡ ಹೋಗಿ ಕರಕೊಂಡ ಬರತೇನಿ. ಒಮ್ಮೆ ಮನಿಗೆ ಬಂದ್ಲಂದ್ರ..."

ಗಿರಾಕಿಯ ಎದುರು ಕೂತು ದೊಡ್ಡ ದೊಡ್ಡ ವ್ಯವಹಾರ ಮಾತಿನಲ್ಲಿ ಕುದುರಿಸುತ್ತಿದ್ದ ಮನುಷ್ಯ. ಅಂಥವರು ಮಗಳ ಬಾಯಲ್ಲಿ ಒಂದು ನೋವನ್ನು ಹೂಳಿಟ್ಟು ಕಳಿಸಿಕೊಡಿ ಎಂದು ನನ್ನನ್ನು ಬೇಡುತ್ತಿದ್ದರು.

"ನೀವು ಬೇಡ ಎಂದು ಹೇಳಲಿಲ್ಲವೇ ಅವಳಿಗೆ?" ಎಂದು ಕೇಳಿದೆ.

"ಹೆಂಗ ಹೇಳ್ಲಿ? ಊರ ಮಂದಿ ಎಲ್ಲಾ ನನ್ನ ಕಾಲ ಮುಟ್ಟಾಕತ್ಯಾರ, ಎಂಥಾ ಪುಣ್ಯವಂತ ಅಂತ. ಧರ್ಮಕ್ಕ ಹೊಂಟಾಕಿನ ತಡಿಯೂ ತಂದಿ ಆಗ್ಲೇನ? ಅಕಿ ಮುಂದ ನಾ ಹೂಂ ಅಂದೇನಿ. ನಿಮ್ಮ ಮುಂದ ಅಷ್ಟ ಹಿಂಗ." ಎದ್ದು ನಿಂತು ಟೊಪ್ಪಿಗೆ ಸರಿ ಮಾಡಿಕೊಂಡರು. "ಸುಳ್ಳು ಏನ ಹೇಳೂದ ಬ್ಯಾಡ. ಆಳ ಐತಿ, ಸದ್ಯಕ್ಕ ಇದ ಸಾಕು ಅಂದ್ರ ಆತು."

ಅವರಿಗೆ ಗೊತ್ತಿಲ್ಲದೆಯೇ ಅವರು ಹೇಳಿದ್ದು ವೈದ್ಯಶಾಸ್ತ್ರಕ್ಕೆ ಸರಿಯಾಗಿತ್ತು. ಅಷ್ಟು ಆಳದ ಕುಳಿಗೆ ಮೊದಲು ಲವಂಗದ ಮುಲಾಮು ತುಂಬಿ, ನರ ತಣ್ಣಗಾಗಲು ಕೆಲವು ವಾರ ಬಿಟ್ಟು, ಆಮೇಲೆ ಗಟ್ಟಿಯಾದದ್ದನ್ನು ಹಾಕುವುದು ಪುಸ್ತಕದ ಪದ್ಧತಿ. ಆ ಕೆಲವು ವಾರಗಳಲ್ಲಿ ಅವಳ ದೀಕ್ಷೆ ಬರುತ್ತಿತ್ತು. ಪುಸ್ತಕದಂತೆ ನಡೆದರೆ ನನ್ನ ಮೇಲೆ ಯಾವ ತಪ್ಪೂ ಇಲ್ಲ, ನೇಮಣ್ಣನವರ ಆಸೆಯೂ ನಡೆದೀತು. ಅದಕ್ಕೆ ವಿರುದ್ಧ, ಒಂದೇ ದಿನದಲ್ಲಿ ಗಟ್ಟಿ ತುಂಬಿದರೆ ನರ ಕೆರಳುವ ಭಯವಿತ್ತು. ಲೋಹಕ್ಕೆ ಬಿಸಿ ಬೇಗ ಹತ್ತುತ್ತದೆ. ಅವಳು ಇನ್ನು ಮುಂದೆ ಕುಡಿಯುವುದು ಕುದಿಸಿದ ನೀರನ್ನೇ. ಸಂಜೆಯವರೆಗೆ ನಾನು ಆ ಲೆಕ್ಕದಲ್ಲಿಯೇ ಇದ್ದೆ. ನೀಲವ್ವ ಪಕ್ಕದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲವನ್ನೂ ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಳು.

"ಪಾಪ, ಬರಲಿ ಬಿಡು, ಒಂದು ಸಲವಾದರೂ ಮಗಳು ಮನೆಗೆ ಬರಲಿ" ಎಂದೆ ನಾನು.

"ಬ್ಯಾನಿ ಬಂದ್ರ ಅಕಿ ಬರತಾಳ ಅಂತ ಯಾರ್ ಹೇಳಿದ್ರು?" ಎಂದಳು ನೀಲವ್ವ, ತಲೆ ಎತ್ತದೆ. "ತಲಿಗೂದಲಾ ಕೈಲೆ ಕಿತ್ತಕೊಳ್ಳಾಕ ತಯಾರಾದಾಕಿ. ಹಲ್ಲು ನೋತೈತಿ ಅಂತ ಅಪ್ಪಗ ಹೇಳಿ ಕಳಸತಾಳ? ಅಕಿ ಬರಾಂಗಿಲ್ಲ. ಬ್ಯಾನಿ ಅಷ್ಟ ಬರತೈತಿ."

ಮರುದಿನ ಇಬ್ಬರೂ ಬಂದರು. ಕುರ್ಚಿಯ ಹತ್ತಿರ ಬೆಳಕಿಗೆ ಅಡ್ಡವಾಗುತ್ತದೆಂದು ಹೇಳಿ ನೇಮಣ್ಣನವರನ್ನು ಹೊರಗಿನ ಬಾಕಿನ ಮೇಲೆ ಕೂರಿಸಿದೆ. ಚಂಪಾಳಿಗೆ ಒಂದೊಂದೇ ಬಾಟಲಿ ತೋರಿಸಿ, ಯಾವುದು ಏನು, ಎಷ್ಟು ಕಾಲ ಬಾಳುತ್ತದೆ ಎಂದೆಲ್ಲ ಹೇಳಿದೆ. ಮುಲಾಮಿನ ಅವಧಿಯನ್ನೂ ಹೇಳಿದೆ. ಹಲ್ಲು ಅವಳದು, ಆರಿಸುವುದೂ ಅವಳದೇ ಎಂದು ರಾತ್ರಿ ಮಲಗುವ ಮುಂಚೆ ಗಟ್ಟಿ ಮಾಡಿಕೊಂಡಿದ್ದೆ.

ಅವಳು ಅಮಾಲ್ಗಮ್ಮಿನ ಪುಡಿಯ ಶೀಸೆಯನ್ನು ಬೆಳಕಿಗೆ ಹಿಡಿದಳು. "ಇದು ಬೆಳ್ಳಿ ಅಲ್ಲೇನ್ರಿ?"

"ಬೆಳ್ಳಿಯೂ ಇದೆ. ಪಾದರಸ ಕೂಡಿದ ಮೇಲೆ ಬೆಳ್ಳಿಯಾಗಿ ಉಳಿಯುವುದಿಲ್ಲ."

"ತಗದ್ರ ಯಾರರೇ ಕೊಳ್ಳತಾರೇನ್ರಿ?"

"ಯಾರೂ ಮುಟ್ಟುವುದಿಲ್ಲ."

"ಹಂಗಿದ್ರ ನಂದೇನಲ್ಲ ಅದು. ಹಲ್ಲಿಂದು." ಶೀಸೆಯನ್ನು ಕೆಳಗಿಟ್ಟಳು. ಆಮೇಲೆ ಸಣ್ಣ ದನಿಯಲ್ಲಿ, "ಅಪ್ಪ ನಿನ್ನೆ ಬಂದಿದ್ರಲ್ರಿ?" ಎಂದಳು.

ನಾನು ಡ್ರಿಲ್ಲಿನ ಹಗ್ಗ ಬಿಗಿ ಮಾಡುತ್ತ ನಿಂತೆ.

"ತುಕ್ಕಾನಟ್ಟಿ ಹೊಲಕ್ಕ ಹೋಗತೇನಿ ಅಂದ್ರು. ಹೊಲದ ಮಣ್ಣ ಕೆರವಿಗೆ ಹತ್ತಿರಲಿಲ್ಲ." ಅವಳು ನಕ್ಕಳು. "ನಮ್ಮ ಅಪ್ಪ ಬೆಲ್ಲದ ವ್ಯಾಪಾರಿ ನೋಡ್ರಿ. ತಿರಗಿ ಬರೂ ಗಿರಾಕಿ ಅಂದ್ರ ಬಾಳ ಪ್ರೀತಿ."

ಆಮೇಲೆ ನಗು ಹೋಯಿತು. "ಡಾಕ್ಟರ್ರ, ನಾ ಬರಾಂಗಿಲ್ರಿ. ನೋವಾದ್ರೂ ಬರಾಂಗಿಲ್ಲ. ಅದು ಅಪ್ಪಗ ತಿಳ್ಯಾಂಗಿಲ್ಲ. ನೋವಾದ್ರ ಉಣ್ಣೂದ ಕಡಿಮಿ ಆಗತೈತಿ. ಸುದ್ದಿ ಅಪ್ಪಗ ಮುಟ್ಟತೈತಿ. ಅವರೂ ಉಣ್ಣೂದ ಬಿಡತಾರ. ಅದೊಂದ ಆಗಬಾರ್ದು."

"ಗಟ್ಟಿಯಾದದ್ದನ್ನೇ ಹಾಕುತ್ತೇನೆ" ಎಂದೆ.

ಆಗ ಇನ್ನೊಂದು ತೊಡಕು ಬಂತು. ಅರೆದ ಅಮಾಲ್ಗಮ್ಮಿನಿಂದ ಹೆಚ್ಚಿನ ಪಾದರಸವನ್ನು ಹಿಂಡಲಿಕ್ಕೆ ನಾವು ಮೆತ್ತನೆಯ ಚರ್ಮದ ತುಂಡನ್ನು ಬಳಸುತ್ತಿದ್ದೆವು. ಎಲ್ಲರೂ ಹಾಗೆಯೇ ಮಾಡುವುದು. ನಾನು ಅದನ್ನು ಕೈಗೆತ್ತಿಕೊಳ್ಳುತ್ತಿದ್ದಂತೆ ಚಂಪಾಳ ಕಣ್ಣು ಅದರ ಮೇಲೆ ಬಿತ್ತು. ತೆರೆದ ಬಾಯಿ ಮುಚ್ಚಿಕೊಂಡಿತು. ನಾನು ಚರ್ಮವನ್ನು ಪೆಟ್ಟಿಗೆಯಲ್ಲಿಟ್ಟು ನೀಲವ್ವನನ್ನು ಕೂಗಿದೆ. ಅವಳು ಒಗೆದ ಮಾಂಜರಪಾಟ ಬಟ್ಟೆಯನ್ನು ಚೌಕಾಗಿ ಹರಿದು, ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಿಡಿದು ಒಣಗಿಸಿ ತಂದುಕೊಟ್ಟಳು. ಬಟ್ಟೆಯಲ್ಲಿ ಹಿಂಡುವುದು ಕಷ್ಟ, ಬೆರಳು ನೋಯುತ್ತವೆ. ಆದರೆ ಪಾದರಸ ಸಣ್ಣ ಸಣ್ಣ ಮಣಿಯಾಗಿ ಬಟ್ಟೆಯ ಹೊರಗೆ ಬಂತು.

ಅಂದಿನಷ್ಟು ಸಾವಕಾಶವಾಗಿ ನಾನು ಯಾವ ಹಲ್ಲನ್ನೂ ತುಂಬಿಲ್ಲ. ಹುಳುಕನ್ನೆಲ್ಲ ಕೆರೆದೆ. ತಳಕ್ಕೆ ಲವಂಗದ ಮುಲಾಮಿನ ತೆಳ್ಳಗಿನ ಹಾಸಿಗೆ. ಅದರ ಮೇಲೆ ಬಿಸಿ ತಾಗದಂತೆ ಸಿಮೆಂಟಿನ ಗಚ್ಚು. ಎಲ್ಲದರ ಮೇಲೆ ಅಮಾಲ್ಗಮ್, ಚೂರುಚೂರಾಗಿ ಒತ್ತಿ ಒತ್ತಿ. ತಾತ್ಪೂರ್ತಿಕದ್ದು, ಮಧ್ಯಮದ್ದು, ಬಾಳುವುದು ಮೂರೂ ಒಂದೇ ಕುಳಿಯಲ್ಲಿ ಕೂತವು. ಉಳಿದ ಹಲ್ಲುಗಳ ಗೆರೆಗಳನ್ನೂ ನೋಡಿದೆ. ಅನುಮಾನ ಬಂದಲ್ಲೆಲ್ಲ ಕೆರೆದು ತುಂಬಿದೆ. ಊಟವಾದ ಮೇಲೆ ಬಾಯಿ ಮುಕ್ಕಳಿಸುವಾಗ ನೀರನ್ನು ಎಡಕ್ಕೂ ಬಲಕ್ಕೂ ಜೋರಾಗಿ ಆಡಿಸಬೇಕು ಎಂದು ಹೇಳಿಕೊಟ್ಟೆ. ಅವಳು ಅಲ್ಲಿಯೇ ಒಂದು ಸಲ ಮಾಡಿ ತೋರಿಸಿ, ಸರಿಯೇ ಎಂದು ಕೇಳಿದಳು.

ಹೊರಗೆ ಬಂದಾಗ ನೇಮಣ್ಣನವರು ಎದ್ದು ನಿಂತು ನನ್ನ ಮುಖ ನೋಡಿದರು.

"ಯಾವ್ದು ಹಾಕಿದ್ರಿ?"

"ಗಟ್ಟಿಯಾದದ್ದು."

"ಎಷ್ಟ ವರ್ಷದ್ದು?"

"ಹದಿನೈದು. ಅದಕ್ಕಿಂತ ಹೆಚ್ಚೂ ಆಗಬಹುದು."

ಅವರು ಗೋಡೆಗೆ ಕೈ ಕೊಟ್ಟರು. "ನನಕಿಂತ ಜಾಸ್ತಿ ಬಾಳತೈತಿ ಹಂಗಾರ" ಎಂದರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಮೆಟ್ಟಿಲಿಳಿಯುವಾಗ ಚಂಪಾ ಎರಡು ಮೆಟ್ಟಿಲು ಕೆಳಗಿಳಿದು, ತಿರುಗಿ ನಿಂತು, ಅವರಿಗೆ ಕೈ ಕೊಟ್ಟಳು. ಅಪ್ಪನ ಮೊಣಕಾಲು ನೋವು ಅವಳಿಗೆ ಗೊತ್ತಿತ್ತು.

ಮಳೆ ಹಿಡಿಯುವ ಮುಂಚೆ, ಕೃಷ್ಣಾ ದಂಡೆಯ ಒಂದು ಊರಿನಲ್ಲಿ ದೀಕ್ಷೆಯಾಯಿತು. ನಾನು ಹೋಗಲಿಲ್ಲ. ಆಮೇಲಿನ ಸಂತೆಯ ದಿನ ಮೂಡಲಗಿಯಲ್ಲಿ ಎಂದಿನಂತೆ ನೇಮಣ್ಣನವರ ಕಟ್ಟೆಯ ಮೇಲೆ ಕೂತಾಗ ಒಳಗಿನಿಂದ ರೊಟ್ಟಿಯ ಸಪ್ಪಳ ಬರಲಿಲ್ಲ. ಅಡುಗೆಗೆ ದೂರದ ಸಂಬಂಧದ ಒಬ್ಬ ಮುದುಕಿ ಬಂದಿದ್ದಳು. ಅವಳಿಗೆ ರೊಟ್ಟಿ ಬಡಿಯಲು ಕೈ ಬರುತ್ತಿರಲಿಲ್ಲ, ಅನ್ನ ಮಾಡುತ್ತಿದ್ದಳು. ಮಗಳಿಗೆ ಈಗ ಹೊಸ ಹೆಸರು. ಹಳೆಯ ಹೆಸರನ್ನು ಯಾರೂ ಕರೆಯುವಂತಿಲ್ಲ, ತಂದೆಯೂ ಕರೆಯುವಂತಿಲ್ಲ. "ಮಾತಾಜಿ ಅನ್ನಬೇಕ್ರಿ ನಾ" ಎಂದರು ನೇಮಣ್ಣನವರು. ಆ ಮಳೆಗಾಲವೆಲ್ಲ ಅವರು ಸಂತೆಯಿಂದ ಸಂತೆಗೆ ನನ್ನನ್ನು ಏನೂ ಕೇಳಲಿಲ್ಲ. ನಾಲ್ಕು ತಿಂಗಳಾದವು. ಹಲ್ಲಿನ ಬಗ್ಗೆ ಎಲ್ಲಿಂದಲೂ ಸುದ್ದಿ ಬರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಚಂಪಾ ಸೇರಿದ್ದ ಸಾಧ್ವಿಯರ ಸಂಘ ಹುಕ್ಕೇರಿಗೆ ಬಂತು. ನಾನು ಅಂದು ನನ್ನ ತಿಂಗಳ ಭೇಟಿಗೆ ಅಲ್ಲಿಯೇ ಇದ್ದೆ. ಊರಿನ ಜೈನರ ಓಣಿಯಲ್ಲಿ ಮನೆಮನೆಯ ಬಾಗಿಲಲ್ಲಿ ಜನ ಮಡಿಯಲ್ಲಿ ನಿಂತಿದ್ದರು, ಕೈಯಲ್ಲಿ ನೀರಿನ ಕಲಶ, ಅದರ ಮೇಲೆ ತೆಂಗಿನಕಾಯಿ. ಆಹಾರಕ್ಕೆ ಹೊರಟ ಸಾಧ್ವಿಯರು ಮನಸ್ಸಿನಲ್ಲಿಯೇ ಒಂದು ನಿಯಮ ಮಾಡಿಕೊಂಡು ಬರುತ್ತಾರೆ, ಇಂಥದ್ದು ಕಂಡರೆ ನಿಲ್ಲುತ್ತೇನೆ ಎಂದು. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಅದು ಕೂಡಿದ ಬಾಗಿಲಲ್ಲಿ ನಿಲ್ಲುತ್ತಾರೆ, ಕೂಡದಿದ್ದರೆ ಮುಂದೆ ಹೋಗುತ್ತಾರೆ.

ನೇಮಣ್ಣನವರು ಬೀಗರ ಮನೆಯೊಂದರ ಬಾಗಿಲಲ್ಲಿ ನಿಂತಿದ್ದರು. ಮೂಡಲಗಿಯಿಂದ ಧಾನ್ಯ, ತುಪ್ಪ, ಬೆಲ್ಲ ಎಲ್ಲವನ್ನೂ ಕಟ್ಟಿಕೊಂಡು ಹಿಂದಿನ ದಿನವೇ ಬಂದಿದ್ದರು. ನಾನು ಎದುರಿನ ಓಣಿಯ ಬಾಯಲ್ಲಿ ನಿಂತು ನೋಡಿದೆ. ಬಿಳಿ ಸೀರೆ, ಬೋಳು ತಲೆ, ನೆಲದ ಮೇಲೆ ನೋಟ. ಬಂದವರು ಚಂಪಾ ಎಂದು ಮೊದಲು ನನಗೆ ಗುರುತು ಹತ್ತಲಿಲ್ಲ. ನೇಮಣ್ಣನವರು ದನಿ ಎತ್ತಿ, ನಿಲ್ಲಬೇಕು ಮಾತಾಜಿ, ನಿಲ್ಲಬೇಕು ಎಂದು ಕರೆದರು. ಮಾತಾಜಿ ನಿಲ್ಲಲಿಲ್ಲ. ಅದೇ ಹೆಜ್ಜೆಯಲ್ಲಿ ಮುಂದೆ ನಡೆದು, ಮೂರು ಮನೆಗಳಾಚೆ ಒಬ್ಬ ಮುತ್ತೈದೆಯ ಎದುರಿಗೆ ನಿಂತರು.

ಸಂಜೆ ನೇಮಣ್ಣನವರು ನಾನು ಇಳಿದುಕೊಂಡಲ್ಲಿಗೆ ಬಂದರು.

"ಬಾಗಲದಾಗ ನಿಂತವರು ಒಂದ ಮಾತ್ ಹೇಳಬೇಕಾಗತೈತ್ರಿ. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ ಅಂತ. ಆಮ್ಯಾಲ ಅವರು ಉಣ್ಣೂದು." ಅವರು ನೆಲ ನೋಡುತ್ತ ಹೇಳಿದರು. "ನಾ ಹೆಂಗ ಹೇಳಾಂವ ಇದ್ನಿ? ಅಕಿಗೆ ಹಲ್ಲು ನೋಯಲಿ ಅಂದಾಂವ ನಾ. ಅದು ಅಕಿಗೆ ಗೊತ್ತೈತಿ. ಅದಕ್ಕ ನಿಲ್ಲಲಿಲ್ಲ."

ಹಾಗಲ್ಲ, ಅವರ ನಿಯಮ ಬೇರೇನೋ ಇರಬಹುದು ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೆಲ್ಲದ ಒಂದು ಪೆಂಟೆಯನ್ನು, ಬಿಚ್ಚದೆ ಇದ್ದದ್ದನ್ನು, ನೀಲವ್ವನಿಗೆ ಕೊಡಿ ಎಂದು ನನ್ನ ಪೆಟ್ಟಿಗೆಯ ಬಾಜೂ ಇಟ್ಟು ಹೋದರು. ನಮ್ಮ ಮನೆಯಲ್ಲಿ ಅದನ್ನು ಬಹಳ ದಿನ ಯಾರೂ ಒಡೆಯಲಿಲ್ಲ.

ಮತ್ತೆ ಒಂದೂವರೆ ವರ್ಷ ಕಳೆಯಿತು. ಯುದ್ಧದ ಸುದ್ದಿ ಬರಲಿಕ್ಕೆ ಹತ್ತಿತ್ತು; ಮುಂಬೈಯಿಂದ ಲವಂಗದ ಎಣ್ಣೆ, ಪುಡಿಗಳು ಸಿಗುವುದು ಕಷ್ಟವಾಗಿತ್ತು. ಒಂದು ದಿನ ಮುಂಜಾನೆ ಹತ್ತರ ಸುಮಾರಿಗೆ ದವಾಖಾನೆಯ ಮೆಟ್ಟಿಲ ಮೇಲೆ ನೇಮಣ್ಣನವರ ಕೆಮ್ಮು ಕೇಳಿಸಿತು. ಬಹಳ ಇಳಿದುಹೋಗಿದ್ದರು. ರೋಗಿಯ ಕುರ್ಚಿಯಲ್ಲಿಯೇ ಕೂತುಬಿಟ್ಟರು. ಹಲ್ಲು ನೋವೇ ಎಂದು ಕೇಳಿದೆ. ಇಲ್ಲವೆಂದು ಕೈಯಾಡಿಸಿದರು.

"ನಿನ್ನೆ ಮೂಡಲಗ್ಯಾಗ ಮಾತಾಜಿ ನಮ್ಮ ಬಾಗಲಕ್ಕ ನಿಂತರ್ರಿ."

ನೀಲವ್ವ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು.

"ಮನ ಶುದ್ಧ ಅನ್ನೂ ಮುಂದ ನಾಲಿಗಿ ಏಳಲಿಲ್ಲ. ಅವರು ನಿಂತ ನಿಂತರು. ಹೇಳಿದೆ. ಒಳಗ ಬಂದು ಕುಂತರು. ತಾ ಅಡಿಗಿ ಮಾಡತಿದ್ದ ಅದ ಜಾಗಾದಾಗ. ನಾನ ಬಡಿಸಿದೆ. ಬೊಗಸಿಯೊಳಗ ಒಂದೊಂದ ತುತ್ತು ಇಟ್ನಿ. ಕಣ್ಣೆತ್ತಿ ನೋಡಲಿಲ್ರಿ, ನೋಡಬಾರ್ದು. ತಂದಿ ಅಂತ ಗುರುತ ಹಿಡೀಬಾರ್ದು. ಆರಾಮ ಅದೀರೇನ ಅಂತ ನಾನೂ ಕೇಳಬಾರ್ದು." ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಅದಕ್ಕ ನಾ ಬಾಯಿ ನೋಡಿದೆ."

ನಾನು ಅವರ ಎದುರಿನ ಸ್ಟೂಲಿನ ಮೇಲೆ ಕೂತೆ.

"ಗಟ್ಟಿ ಚೂರು ಬಂದಾಗೆಲ್ಲಾ ಎಡಕ್ಕ ಒಯ್ದು ಅಗದರು. ಎಡಗಡೇನ. ಕಡೀಕ ಬಿಸಿನೀರು ಹಾಕಿದೆ. ಬಾಯಾಗ ಆ ಕಡೆ ಈ ಕಡೆ ಆಡಿಸಿದರು, ನೀವು ಹೇಳಿಕೊಟ್ಟಂಗ. ಹುಬ್ಬು ಸೈತ ಗಂಟು ಹಾಕಲಿಲ್ಲ." ಅವರು ತಮ್ಮ ಎಡ ಕೆನ್ನೆಯ ಮೇಲೆ ಕೈ ಇಟ್ಟುಕೊಂಡರು. "ನೋವಿಲ್ಲ ಡಾಕ್ಟರ್ರ. ಮಗಳ ಸುದ್ದಿ ಅಂತ ನನಗ ಸಿಕ್ಕಿದ್ದು ಅದೊಂದ."

ಆಮೇಲೆ ಅವರು ಅತ್ತರು. ಆ ಕುರ್ಚಿಯಲ್ಲಿ ಎಷ್ಟೋ ಜನ ಅತ್ತಿದ್ದಾರೆ. ಅವರಿಗೆಲ್ಲ ಕೊಡಲು ನನ್ನ ಹತ್ತಿರ ಏನಾದರೊಂದು ಔಷಧ ಇರುತ್ತಿತ್ತು. ಅಂದು ನೀಲವ್ವ ಒಳಗೆ ಹೋಗಿ ಎರಡು ರೊಟ್ಟಿ ಬಡಿದು, ಬಿಸಿಬಿಸಿಯಾಗಿ ತಂದು ಅವರ ಮುಂದಿಟ್ಟಳು. ಅವರು ಒಂದು ತುತ್ತು ಮುರಿದು ಬಹಳ ಹೊತ್ತು ಅಗಿದರು. "ಚಲೋ ಆಗೈತಿ" ಎಂದು ಉಳಿದದ್ದನ್ನು ಹಾಗೆಯೇ ಬಿಟ್ಟರು.

ನೇಮಣ್ಣನವರು ತೀರಿಕೊಂಡು ಈಗ ಐದು ವರ್ಷವಾಯಿತು. ಸಾಧ್ವಿಯವರು ಎಲ್ಲಿದ್ದಾರೆಂದು ನನಗೆ ತಿಳಿಯದು. ಉತ್ತರದ ಕಡೆಗೆ ನಡೆದು ಹೋದರೆಂದು ಯಾರೋ ಹೇಳಿದರು. ನನ್ನ ಲೆಕ್ಕದ ಪ್ರಕಾರ ಆ ಅಮಾಲ್ಗಮ್ ಇನ್ನೂ ಇರಬೇಕು.

ನನ್ನ ಹತ್ತಿರ ಕೆಲಸ ಕಲಿಯಲು ಬರುವವರು ಯಾವ ಕುಳಿಗೆ ಯಾವುದು ತುಂಬಬೇಕು ಎಂದು ಕೇಳುತ್ತಾರೆ. ಆಳ, ಅಗಲ, ಬಿಸಿ, ತಂಪು ಎಲ್ಲ ಹೇಳಿಕೊಡುತ್ತೇನೆ. ಅದರ ಜೊತೆಗೆ, ಈ ಮನುಷ್ಯ ನಿಮ್ಮ ಕುರ್ಚಿಯಿಂದೆದ್ದು ಎಲ್ಲಿಗೆ ಹೋಗುತ್ತಾನೆ, ಏನು ಉಣ್ಣುತ್ತಾನೆ, ತಿರುಗಿ ಬರುತ್ತಾನೋ ಇಲ್ಲವೋ ಎಂದು ಕೇಳಿಕೊಳ್ಳಿ ಎನ್ನುತ್ತೇನೆ. ತಿರುಗಿ ಬರಲಿ ಎಂಬ ಆಸೆ ನಮ್ಮದಿರಬಹುದು, ಹೊರಗಿನ ಬಾಕಿನ ಮೇಲೆ ಕೂತವರದಿರಬಹುದು. ಅದನ್ನು ಹಲ್ಲಿನೊಳಗೆ ತುಂಬಬಾರದು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಇನ್ನು, ಅಂದು ಪೆಟ್ಟಿಗೆಯಲ್ಲಿಟ್ಟ ಚರ್ಮದ ತುಂಡನ್ನು ನಾನು ಮತ್ತೆ ತೆಗೆಯಲಿಲ್ಲ. ನೀಲವ್ವ ಇವತ್ತಿಗೂ ಮಾಂಜರಪಾಟವನ್ನು ಚೌಕಾಗಿ ಹರಿದು, ಕುದಿಸಿ, ಕಿಟಕಿಯ ಬಿಸಿಲಿಗೆ ಹರವುತ್ತಾಳೆ. ಬಟ್ಟೆಯಲ್ಲಿ ಹಿಂಡಿದರೆ ಬೆರಳು ನೋಯುತ್ತವೆ.